ಮಾರ್ಕ್‌ಡೌನ್‌ನಿಂದ ಕನ್ನಡ ಪಿಡಿಎಫ್: ಫಾಂಟ್ ಹೊಂದಿಸಿಕೊಂಡ ಬಗೆ

ಮಕ್ಕಳಿಗೆ ಪೈಥಾನ್ ಪಾಠಗಳನ್ನು ನಾನು ಕನ್ನಡದಲ್ಲೇ, ಮಾರ್ಕ್‌ಡೌನ್‌ನಲ್ಲಿ (ನಕ್ಷತ್ರದಂಥ ಸರಳ ಗುರುತುಗಳಿಂದ ವಿನ್ಯಾಸ ಸೂಚಿಸುವ ಬರಹ ಶೈಲಿ) ಬರೆಯುತ್ತೇನೆ. ಪಿಡಿಎಫ್ ಮಾಡಲು ಪ್ಯಾನ್‌ಡಾಕ್ ಎಂಬ ಕಡತ ಪರಿವರ್ತಕ ತಂತ್ರಾಂಶ ಇದೆ. ಇಂಗ್ಲಿಷ್ ಬರಹಕ್ಕೆ ಒಂದು ಸಾಲಿನ ಕಮಾಂಡ್ ಸಾಕು. ಕನ್ನಡಕ್ಕೆ ಅಷ್ಟು ಸಲೀಸಲ್ಲ.

ಸುಮ್ನೆ ಬಿಟ್ಟರೆ ಪ್ಯಾನ್‌ಡಾಕ್ ಪುಟ ಜೋಡಿಸಲು ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ ಅನ್ನೇ ಹಿಡಿಯುತ್ತದೆ. ಕನ್ನಡ ಅಕ್ಷರ ಕಂಡ ಕೂಡಲೇ ಅದು ಎರರ್ ಕೊಟ್ಟು ನಿಲ್ಲುತ್ತದೆ. ಲುವಾಲೇಟೆಕ್ ಎಂಬ ಇನ್ನೊಂದು ಎಂಜಿನ್‌ಗೆ ಬದಲಿಸಿದರೆ ಎರರ್ ಇಲ್ಲ, ಆದರೆ ಕನ್ನಡವೂ ಇಲ್ಲ! ಡೀಫಾಲ್ಟ್ ಫಾಂಟ್ ಆದ ಲ್ಯಾಟಿನ್ ಮಾಡರ್ನ್‌ನಲ್ಲಿ ನಮ್ಮ ಅಕ್ಷರಗಳೇ ಇಲ್ಲವಲ್ಲ.

ಹಾಗಾಗಿ ಫೈಲಿನ ಮೇಲ್ಭಾಗದ ಯಾಮಲ್‌ನಲ್ಲಿ (ಸೆಟ್ಟಿಂಗ್‌ಗಳನ್ನು ಬರೆಯುವ ಭಾಗ) 'ಮೇನ್‌ಫಾಂಟ್' ಎಂಬ ಕೀಲಿಗೆ ನೋಟೊ ಸೆರಿಫ್ ಕನ್ನಡ ಫಾಂಟಿನ ಹೆಸರು ಕೊಡುತ್ತೇನೆ. ಕೀಲಿ, ಹೆಸರು ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಲಿನಕ್ಸ್‌ನಲ್ಲಿ 'ಎಫ್‌ಸಿ-ಲಿಸ್ಟ್' ಕಮಾಂಡ್ ಕೊಡುವ ಫಾಂಟ್ ಪಟ್ಟಿಯಿಂದ ಹೆಸರನ್ನು ಕಾಪಿ ಮಾಡುವುದು ವಾಸಿ.

ಇಷ್ಟಕ್ಕೇ ನಿಲ್ಲಿಸಿದರೆ ಒತ್ತಕ್ಷರ ಕೈಕೊಡಬಹುದು. 'ಅಕ್ಷರ' ಹೋಗಿ 'ಅಕ್‌ಷರ' ಆಗುತ್ತದೆ. 'ಮೇನ್‌ಫಾಂಟ್‌ಆಪ್ಶನ್ಸ್' ಕೆಳಗೆ ರೆಂಡರರ್ ಹಾರ್ಫ್‌ಬಜ್ (ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶ), ಸ್ಕ್ರಿಪ್ಟ್ ಕನ್ನಡ ಎಂದು ಎರಡನ್ನೂ ಸೇರಿಸಿ.

ಜಾಸ್ತಿ ಜನ ಗಮನಿಸದ ಸಂಗತಿ ಇಟಾಲಿಕ್. ಪದದ ಎರಡೂ ಬದಿಗೆ ಒಂದೊಂದು ನಕ್ಷತ್ರ ಹಾಕಿದರೆ ಅದು ಓರೆಯಾಗಬೇಕು. ನೋಟೊ ಕನ್ನಡದಲ್ಲಿ ಓರೆ ಅಕ್ಷರವೇ ಇಲ್ಲ. ಹಾಗಾಗಿ ಆ ಪದ ಉಳಿದವುಗಳ ಹಾಗೇ ನೆಟ್ಟಗೆ ಬರುತ್ತದೆ, ಒತ್ತು ಕೊಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. 'ಆಟೊಫೇಕ್‌ಸ್ಲಾಂಟ್' ಹಾಕಿ ಬಲವಂತವಾಗಿ ಓರೆ ಮಾಡಬಹುದು. ನನಗದು ಇಷ್ಟವಿಲ್ಲ, ದುಂಡನೆಯ ಕನ್ನಡ ಅಕ್ಷರ ಓರೆಯಾದರೆ ಜಾರಿ ಬಿದ್ದ ಹಾಗೆ ಕಾಣುತ್ತದೆ. 'ಇಟಾಲಿಕ್‌ಫಾಂಟ್'ಗೆ ನೋಟೊ ಸಾನ್ಸ್ ಕನ್ನಡ ಕೊಟ್ಟಿದ್ದೇನೆ. ಗೆರೆಯ ದಪ್ಪ ಏರಿಳಿಯುವ ಸೆರಿಫ್ ನಡುವೆ ಸಮ ಗೆರೆಯ ಸಾನ್ಸ್ ಪದ ಬಂದರೆ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಮಕ್ಕಳಿಗೆ 14 ಪಾಯಿಂಟ್ ಅಕ್ಷರ ಬೇಕಿತ್ತು. ಲೇಟೆಕ್‌ನ ಮಾಮೂಲಿ 'ಆರ್ಟಿಕಲ್' ಕ್ಲಾಸ್‌ಗೆ (ಪುಟದ ವಿನ್ಯಾಸದ ಮಾದರಿ) 10, 11, 12 ಮಾತ್ರ ಗೊತ್ತು. ಡಾಕ್ಯುಮೆಂಟ್ ಕ್ಲಾಸನ್ನು 'ಎಕ್ಸ್ಟ್‌ಆರ್ಟಿಕಲ್' ಮಾಡಿದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಿರಲಿ ಎಂದು ಸಾಲುಗಳ ಅಂತರ ಹೇಳುವ 'ಲೈನ್‌ಸ್ಟ್ರೆಚ್' 1.3 ಇಟ್ಟೆ.

ಕೋಡ್‌ಗೆ ಡೇಜಾವು ಸಾನ್ಸ್ ಮೋನೊ ಫಾಂಟ್ ಚೆನ್ನಾಗಿದೆ, ಆದರೆ ಅದರಲ್ಲಿ ಕನ್ನಡವಿಲ್ಲ. ನಾನು ಕೋಡ್ ನಡುವಿನ ಕಾಮೆಂಟ್ (ವಿವರಣೆಯ ಟಿಪ್ಪಣಿ) ಬರೆಯುವುದು ಕನ್ನಡದಲ್ಲಿ. ಹೊಸ ಪ್ಯಾನ್‌ಡಾಕ್‌ನಲ್ಲಿ 'ಮೋನೊಫಾಂಟ್‌ಫಾಲ್‌ಬ್ಯಾಕ್' ಎಂಬುದಿದೆ (ಕೋಡ್ ಫಾಂಟಿನಲ್ಲಿ ಇಲ್ಲದ ಅಕ್ಷರಕ್ಕೆ ಬದಲಿ ಫಾಂಟ್), ಲುವಾಲೇಟೆಕ್ ಜೊತೆ ಮಾತ್ರ ನಡೆಯುತ್ತದೆ. ಅಲ್ಲಿ ನೋಟೊ ಸಾನ್ಸ್ ಕನ್ನಡದ ಹೆಸರು, ಕೋಲನ್, ಆಮೇಲೆ 'ಮೋಡ್=ಹಾರ್ಫ್' ಬರೆದರೆ ಕಾಮೆಂಟ್ ಮೂಡುತ್ತದೆ. ಅಕ್ಷರದ ಅಗಲ ಕೋಡ್‌ಗೆ ಹೊಂದುವುದಿಲ್ಲ. ಕಾಮೆಂಟ್ ತಾನೇ, ನಡೆಯುತ್ತದೆ.

ಪ್ರಿಂಟಿಗೆ ಕಳಿಸುವ ಮುಂಚೆ ಪಿಡಿಎಫ್‌ನಲ್ಲಿರುವ ಫಾಂಟ್‌ಗಳನ್ನು ಪಟ್ಟಿ ಮಾಡುವ 'ಪಿಡಿಎಫ್‌ಫಾಂಟ್ಸ್' ಕಮಾಂಡ್ ಓಡಿಸುತ್ತೇನೆ. 'ಎಂಬ್' ಕಾಲಮ್‌ನಲ್ಲಿ ಎಲ್ಲ ಸಾಲಿಗೂ 'ಯೆಸ್' ಇದ್ದರೆ ಫಾಂಟ್‌ಗಳು ಪಿಡಿಎಫ್ ಒಳಗೇ ಸೇರಿವೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅವು ಇರಲೇಬೇಕೆಂದಿಲ್ಲ.