ಬಣ್ಣ ಕತ್ತರಿಸಬೇಕು, ಹಾಳೆ ಉಳಿಯಬೇಕು: ಟಿ–ಶರ್ಟ್ ವಿನೈಲ್‌ಗೆ ಕಟ್ ಸೆಟ್ಟಿಂಗ್ ಹುಡುಕುವ ಬಗೆ

ಒಂದೇ ಕಂಪನಿಯ, ಒಂದೇ ಮಾದರಿಯ, ಕಂಪ್ಯೂಟರಿನ ವಿನ್ಯಾಸದಂತೆ ಬ್ಲೇಡಿನಿಂದ ಕತ್ತರಿಸುವ ಎರಡು ಕ್ರಾಫ್ಟ್ ಕಟ್ಟರ್‌ಗಳಿಗೆ ಒಂದೇ ರೋಲಿನ ವಿನೈಲ್ (ಬಿಸಿ ಒತ್ತಿ ಬಟ್ಟೆಗೆ ಅಂಟಿಸುವ ಬಣ್ಣದ ಹಾಳೆ) ಹಾಕಿ, ಒಂದೇ ಸೆಟ್ಟಿಂಗ್ ಕೊಟ್ಟು ಕತ್ತರಿಸಿ ನೋಡಿ. ಒಂದರಲ್ಲಿ ಅಕ್ಷರ ಸಲೀಸಾಗಿ ಬಿಡಿಸಿಕೊಂಡು ಬರಬಹುದು, ಇನ್ನೊಂದರಲ್ಲಿ ಮೂಲೆ ಮೂಲೆಯಲ್ಲೂ ಅಂಟು ನೂಲಿನಂತೆ ಎಳೆದುಕೊಳ್ಳಬಹುದು. ಬ್ಲೇಡ್ ಎಷ್ಟು ಸವೆದಿದೆ, ಹಾಳೆ ಅಂಟಿಸಿಡುವ ಮ್ಯಾಟ್ ಎಷ್ಟು ಹಳೆಯದು, ಬ್ಲೇಡ್ ಹೋಲ್ಡರ್ ಎಷ್ಟು ಬಿಗಿಯಾಗಿ ಕೂತಿದೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಹಾಗಾಗಿ ಸಾಫ್ಟ್‌ವೇರಿನ ಪಟ್ಟಿಯಲ್ಲೋ ವಿನೈಲ್ ಪ್ಯಾಕೆಟ್ಟಿನ ಮೇಲೋ ಇರುವ ಸಂಖ್ಯೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಮಾತ್ರ ಬಳಸಿ. ನಿಮ್ಮ ಯಂತ್ರದ ಸಂಖ್ಯೆಯನ್ನು ನೀವೇ ಹುಡುಕಿಕೊಳ್ಳಬೇಕು. ಅದಕ್ಕೆ ಬೇಕಾಗುವುದು ಅಂಗೈಯಗಲದ ಒಂದು ತುಂಡು ವಿನೈಲ್, ಅರ್ಧ ಗಂಟೆ ಸಮಯ.

ಹಾಳೆಯ ಪದರಗಳು

ಹೀಟ್ ಟ್ರಾನ್ಸ್‌ಫರ್ ವಿನೈಲ್‌ನಲ್ಲಿ ಮೂರು ಪದರಗಳಿವೆ. ಹೊಳೆಯುವ ಬದಿಯಲ್ಲಿರುವುದು ಪಾರದರ್ಶಕ ಪಾಲಿಯೆಸ್ಟರ್ ಹಾಳೆ, ಇದೇ ಕ್ಯಾರಿಯರ್. ಅದರ ಮೇಲೆ ಬಣ್ಣದ ವಿನೈಲ್, ಅದರ ಬೆನ್ನಿಗೆ ಬಿಸಿ ತಾಗಿದಾಗ ಮಾತ್ರ ಹಿಡಿಯುವ ಅಂಟು. ಕತ್ತರಿಸುವಾಗ ಹೊಳೆಯುವ ಬದಿ ಮ್ಯಾಟ್‌ನ ಕಡೆಗೆ, ಮಂಕಾದ ಅಂಟಿನ ಬದಿ ಮೇಲಕ್ಕೆ ಇರಬೇಕು. ಬ್ಲೇಡ್ ಅಂಟನ್ನು ಸೀಳಿ, ಬಣ್ಣವನ್ನು ಸೀಳಿ, ಕ್ಯಾರಿಯರ್‌ಗೆ ತಾಗಿದೊಡನೆ ನಿಲ್ಲಬೇಕು. ಸ್ಟಿಕರ್ ಕೆಲಸದವರು ಇದಕ್ಕೆ ಹಾಫ್ ಕಟ್ ಎನ್ನುತ್ತಾರೆ. ಹಿಂಬದಿಯಿಂದ ಕತ್ತರಿಸುವುದರಿಂದಲೇ ವಿನ್ಯಾಸವನ್ನು ಮಿರರ್ (ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು) ಮಾಡಬೇಕಾಗುತ್ತದೆ. ಪರೀಕ್ಷೆಯ ತುಂಡಿಗೂ ಮಿರರ್ ಮಾಡುವ ಅಭ್ಯಾಸವಿಟ್ಟುಕೊಂಡರೆ ದೊಡ್ಡ ಕೆಲಸದಲ್ಲಿ ಮರೆಯುವುದಿಲ್ಲ.

ಸಾಮಾನ್ಯ ನುಣುಪು ವಿನೈಲ್ ಕ್ಯಾರಿಯರ್ ಬಿಟ್ಟು ಸುಮಾರು 0.09 ಮಿ.ಮೀ. ದಪ್ಪ ಇರುತ್ತದೆ. ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ಅಂದರೆ ಒಂದು ಹಾಳೆ ಕಾಗದಕ್ಕಿಂತ ತೆಳುವಾದ ಪದರವನ್ನು ಪೂರ್ತಿ ಕತ್ತರಿಸಿ, ಅದರಡಿಯ ಪದರವನ್ನು ಉಳಿಸಬೇಕು. ಬ್ಲೇಡ್ ಕೂದಲೆಳೆಯಷ್ಟು ಹೆಚ್ಚು ಇಳಿದರೂ ಕೆಲಸ ಕೆಡುವುದು ಇದಕ್ಕೇ.

ಮೊದಲು ಶುಚಿ, ಆಮೇಲೆ ಸಂಖ್ಯೆ

ಬ್ಲೇಡ್ ಹೋಲ್ಡರ್ ತೆಗೆದು ಮೂತಿಯಲ್ಲಿ ಸಿಕ್ಕಿಕೊಂಡ ವಿನೈಲ್ ಚೂರು, ನಾರು, ಕಾಗದದ ಪುಡಿಯನ್ನು ತೆಗೆಯಿರಿ. ಬ್ಲೇಡ್ ತನ್ನ ಅಕ್ಷದ ಮೇಲೆ ಸರಾಗವಾಗಿ ತಿರುಗದಿದ್ದರೆ ಯಾವ ಸಂಖ್ಯೆ ಕೊಟ್ಟರೂ ಮೂಲೆಗಳು ಕೆಡುತ್ತವೆ. ಅಲ್ಯೂಮಿನಿಯಂ ಫಾಯಿಲ್ ಉಂಡೆಗೆ ಬ್ಲೇಡ್ ಚುಚ್ಚುವ ಉಪಾಯ ತುದಿಗೆ ಅಂಟಿದ ಚೂರು ಬಿಡಿಸಲು ಸಾಕು, ಮೊಂಡಾದ ಬ್ಲೇಡಿಗೆ ಅದರಿಂದ ಹರಿತ ಬರುವುದಿಲ್ಲ. ಹೋಲ್ಡರನ್ನು ಮತ್ತೆ ಕೂರಿಸುವಾಗ ಕೊನೆಯವರೆಗೂ ಇಳಿಸಿ ಲಾಕ್ ಮಾಡಿ. ಅರೆಬರೆ ಕೂತ ಹೋಲ್ಡರ್ ಕೊಡುವ ಫಲಿತಾಂಶ ಮೊಂಡು ಬ್ಲೇಡಿನಂತೆಯೇ ಕಾಣುತ್ತದೆ.

ತುಂಡನ್ನು ಮ್ಯಾಟ್ ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ಒರೆಸಿ ಗಾಳಿಗುಳ್ಳೆ ಹೊರಹಾಕಿ. ರೋಲಿನ ಸುರುಳಿ ಬಿಡದೆ ಅಂಚು ಮೇಲೇಳುತ್ತಿದ್ದರೆ ನಾಲ್ಕೂ ಬದಿಗೆ ಟೇಪ್ ಹಚ್ಚಿ.

ಆಳ

ಸಿಲೂಯೆಟ್ ಕಂಪನಿಯ ಯಂತ್ರಗಳ ರ‍್ಯಾಚೆಟ್ ಬ್ಲೇಡಿನಲ್ಲಿ ಆಳವನ್ನು 1ರಿಂದ 10ರವರೆಗೆ ಹೊಂದಿಸಬಹುದು. ಒಂದೊಂದು ಅಂಕೆಗೂ 0.1 ಮಿ.ಮೀ. ತುದಿ ಹೊರಬರುತ್ತದೆ. ನುಣುಪು ವಿನೈಲ್‌ಗೆ 1ರಿಂದ ಶುರು ಮಾಡಿ, ಬೇಕಾದರೆ 2. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಬ್ಲೇಡ್ ಮೊಂಡಾಗಿದೆಯೇ ಎಂದು ಮೊದಲು ನೋಡಿ. ಕ್ರಿಕಟ್‌ನ ಫೈನ್ ಪಾಯಿಂಟ್ ಬ್ಲೇಡಿಗೆ ಆಳದ ಹೊಂದಿಕೆಯೇ ಇಲ್ಲ. ಅಲ್ಲಿ ಎಲ್ಲವೂ ಪ್ರೆಷರ್, ಅಂದರೆ ಬ್ಲೇಡಿನ ಒತ್ತಡದ, ಮೇಲೆ ನಿಂತಿದೆ.

ತಿರುಪಿನಿಂದ ಆಳ ಹೊಂದಿಸುವ ಕಟಿಂಗ್ ಪ್ಲಾಟರ್ ಆಗಿದ್ದರೆ ಯಂತ್ರಕ್ಕೆ ಹಾಕುವ ಮೊದಲು ಕೈಯಲ್ಲೇ ನೋಡಬಹುದು. ಹೋಲ್ಡರನ್ನು ಪೆನ್ನಿನಂತೆ ನೇರವಾಗಿ ಹಿಡಿದು, ಬೇಡದ ತುಂಡಿನ ಅಂಟಿನ ಬದಿಯ ಮೇಲೆ ಬರೆಯುವಷ್ಟೇ ಒತ್ತಡದಲ್ಲಿ ಒಂದು ಗೆರೆ ಎಳೆಯಿರಿ. ಬಣ್ಣ ಎರಡಾಗಿ ಸೀಳಿ, ಕ್ಯಾರಿಯರ್ ಮೇಲೆ ಬರೀ ಗೀರು ಬಿದ್ದಿದ್ದರೆ ಆಳ ಸರಿಯಿದೆ. ಕ್ಯಾರಿಯರ್ ತೂತಾದರೆ ತುದಿಯನ್ನು ಒಳಗೆ ಎಳೆದುಕೊಳ್ಳಿ.

ಈ ಹಂತವನ್ನು ಹಾರಿಸಬೇಡಿ. ಆಳ ಸರಿಯಾಗಿದ್ದರೆ ಒತ್ತಡ ಸ್ವಲ್ಪ ಹೆಚ್ಚಾದರೂ ಹೋಲ್ಡರಿನ ಮೂತಿ ವಿನೈಲ್ ಮೇಲೆ ಕೂತು ಬ್ಲೇಡನ್ನು ತಡೆಯುತ್ತದೆ. ಆಳ ತಪ್ಪಿದ್ದರೆ ಆ ರಕ್ಷಣೆ ಇರುವುದಿಲ್ಲ.

ಒತ್ತಡದ ಏಣಿ

ಸಾಫ್ಟ್‌ವೇರಿನಲ್ಲಿರುವ ಟೆಸ್ಟ್ ಕಟ್ ಒಂದೇ ಒತ್ತಡದಲ್ಲಿ ಒಂದು ಸಣ್ಣ ಆಕಾರವನ್ನಷ್ಟೇ ಕತ್ತರಿಸುತ್ತದೆ. ‘ಕತ್ತರಿಸಿತು’ ಅಥವಾ ‘ಕತ್ತರಿಸಲಿಲ್ಲ’ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ನಿಮಗೆ ತಿಳಿಯಬೇಕಾದದ್ದು ಎರಡು ಗಡಿಗಳು: ಎಷ್ಟು ಒತ್ತಡದಿಂದ ಬಣ್ಣ ಪೂರ್ತಿ ಕತ್ತರಿಸತೊಡಗುತ್ತದೆ, ಎಷ್ಟರಿಂದ ಕ್ಯಾರಿಯರ್ ಕೆಡತೊಡಗುತ್ತದೆ. ಕೆಲಸದ ಸಂಖ್ಯೆ ಇವೆರಡರ ನಡುವೆ ಎಲ್ಲೋ ಇದೆ.

15 ಮಿ.ಮೀ. ಚೌಕ ಬರೆದು, ಅದರೊಳಗೆ 8 ಮಿ.ಮೀ. ತ್ರಿಕೋನ ಇಡಿ. ಇಂಥ ಆರು ಚೌಕಗಳನ್ನು 5 ಮಿ.ಮೀ. ಅಂತರದಲ್ಲಿ ಸಾಲಾಗಿ ಜೋಡಿಸಿ. ಸಿಲೂಯೆಟ್ ಸ್ಟುಡಿಯೋದಲ್ಲಿ ಪ್ರತಿ ಚೌಕದ ಗೆರೆಗೂ ಬೇರೆ ಬೇರೆ ಬಣ್ಣ ಕೊಟ್ಟು, ಗೆರೆಯ ಬಣ್ಣದ ಪ್ರಕಾರ ಕತ್ತರಿಸುವ ಆಯ್ಕೆಯಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಫೋರ್ಸ್ (ಒತ್ತಡದ ಸಂಖ್ಯೆ) ಕೊಡಬಹುದು. ಆರೂ ಒಂದೇ ಬಾರಿಗೆ ಮುಗಿಯುತ್ತವೆ. ಕ್ರಿಕಟ್‌ನಲ್ಲಿ ಐರನ್–ಆನ್ (ಈ ವಿನೈಲಿಗೆ ಅಲ್ಲಿರುವ ಹೆಸರು) ಆಯ್ಕೆ ಮಾಡಿ ಮೊದಲು ಕಡಿಮೆ, ನಂತರ ಸಾಮಾನ್ಯ, ನಂತರ ಹೆಚ್ಚು ಪ್ರೆಷರ್ ಕೊಟ್ಟು ಮೂರು ಚೌಕ ಬೇರೆ ಬೇರೆ ಕತ್ತರಿಸಿ. ಇನ್ನೂ ಸೂಕ್ಷ್ಮ ಬೇಕೆಂದರೆ ಕಸ್ಟಮ್ ಮೆಟೀರಿಯಲ್ ಸೃಷ್ಟಿಸಿ ಪ್ರೆಷರನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ಏರಿಕೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಕಡಿಮೆ ಒತ್ತಡ ಏನನ್ನೂ ಹಾಳು ಮಾಡುವುದಿಲ್ಲ. ಹೆಚ್ಚು ಒತ್ತಡ ಬ್ಲೇಡಿನ ತುದಿಯನ್ನೂ ಮ್ಯಾಟನ್ನೂ ತಿನ್ನುತ್ತದೆ. ಸ್ಪೀಡ್, ಆಳ, ಪಾಸ್ (ಒಂದೇ ಗೆರೆಯ ಮೇಲೆ ಬ್ಲೇಡ್ ಎಷ್ಟು ಬಾರಿ ಹಾಯಬೇಕು ಎಂಬುದು) ಮೂರನ್ನೂ ಮುಟ್ಟದೆ ಬಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಸಿಲೂಯೆಟ್ ಕಂಪನಿಯ ಕ್ಯಾಮಿಯೋ 3 ಯಂತ್ರದಲ್ಲಿ ಫೋರ್ಸ್ 1ರಿಂದ 33ರವರೆಗೆ ಇದೆ. ಆರು ಚೌಕಕ್ಕೆ 4, 6, 8, 10, 12, 14 ಕೊಟ್ಟಿರಿ ಎನ್ನೋಣ. 4ರಲ್ಲಿ ಗೆರೆ ಮಾತ್ರ ಮೂಡಿತು. 6ರಲ್ಲಿ ಬದಿಗಳು ಬಿಟ್ಟವು, ಮೂಲೆಗಳು ಕಚ್ಚಿಕೊಂಡವು. 8 ಮತ್ತು 10 ಸ್ವಚ್ಛ. 12ರಲ್ಲಿ ಕ್ಯಾರಿಯರ್ ಮೇಲೆ ಬಿಳಿ ಗೆರೆ, 14ರಲ್ಲಿ ಕ್ಯಾರಿಯರ್ ಸೀಳಿತು. ಇಲ್ಲಿ ಆರಿಸಬೇಕಾದದ್ದು 9. ಸ್ವಚ್ಛವಾಗಿ ಬಂದ ಮೊದಲ ಸಂಖ್ಯೆಗಿಂತ ಒಂದೇ ಒಂದು ಅಂಕೆ ಮೇಲೆ. ಬ್ಲೇಡ್ ಸವೆಯುತ್ತ ಹೋದಂತೆ ಕೆಳಗಿನ ಗಡಿ ಮೇಲೇರುತ್ತದೆ. ಮೇಲೆ ಜಾಗ ಉಳಿಸಿಕೊಂಡವರಿಗೆ ಏರಿಸಲು ಅವಕಾಶ ಇರುತ್ತದೆ. ಯಾವ ಮೆಟ್ಟಿಲಲ್ಲೂ ಸ್ವಚ್ಛ ಕಟ್ ಸಿಗದೆ, ‘ಕಚ್ಚಿಕೊಂಡಿದೆ’ಯಿಂದ ನೇರವಾಗಿ ‘ಸೀಳಿದೆ’ಗೆ ಹಾರಿದರೆ ತಪ್ಪು ಒತ್ತಡದ್ದಲ್ಲ. ಬ್ಲೇಡ್ ಮೊಂಡಾಗಿರಬಹುದು ಅಥವಾ ತುದಿ ಹೆಚ್ಚು ಹೊರಗಿರಬಹುದು.

ತುಂಡನ್ನು ಓದುವುದು

ಮ್ಯಾಟ್‌ನಿಂದ ತೆಗೆಯುವ ಮೊದಲು ವೀಡಿಂಗ್ (ಬೇಡದ ವಿನೈಲ್ ಕೀಳುವ) ಕೊಕ್ಕೆಯಿಂದ ತ್ರಿಕೋನದ ಮೂಲೆಯನ್ನು ಎತ್ತಿ. ಅಕ್ಕಪಕ್ಕದ ವಿನೈಲ್ ಅಲುಗದೆ ತ್ರಿಕೋನ ಒಂದೇ ತುಂಡಾಗಿ ಬರಬೇಕು. ಪಕ್ಕದ ಭಾಗವೂ ಎದ್ದರೆ ಕಟ್ ಪೂರ್ತಿಯಾಗಿಲ್ಲ. ಎದ್ದ ಅಂಚು ಎಳೆಎಳೆಯಾಗಿ ಹರಿದಂತಿದ್ದರೆ ಬ್ಲೇಡ್ ಕತ್ತರಿಸುವ ಬದಲು ಉಳುತ್ತಿದೆ. ಒತ್ತಡ ಏರಿಸಿದರೆ ಅದು ಇನ್ನಷ್ಟು ಉಳುತ್ತದೆ, ಬ್ಲೇಡ್ ಬದಲಿಸಿ.

ನಂತರ ಇಡೀ ಬಣ್ಣವನ್ನು ಕಿತ್ತು, ಬರೀ ಕ್ಯಾರಿಯರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಿಜವಾದ ಪರೀಕ್ಷೆ ಇದೇ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಕೂದಲಿನಂಥ ಮಸುಕು ಗೆರೆ ಕಂಡರೆ ಸರಿ. ಉಗುರು ಆಡಿಸಿದರೆ ತುಸು ತಡೆದಂತಾದರೂ ಚಿಂತೆಯಿಲ್ಲ. ಗೆರೆ ಬಿಳಿಚಿಕೊಂಡು, ಬಗ್ಗಿಸಿದರೆ ಹಾಳೆ ಅಲ್ಲೇ ಮಡಚಿಕೊಂಡರೆ ಆಳ ಹೆಚ್ಚಾಗಿದೆ. ಇಂಥ ಹಾಳೆಯಲ್ಲಿ ವೀಡಿಂಗ್ ಮಾಡುವಾಗ ಅಕ್ಷರಗಳು ಕ್ಯಾರಿಯರ್ ಸಮೇತ ಕಳಚುತ್ತವೆ. ಪ್ರೆಸ್ ಮಾಡಿದ ಮೇಲೆ ಕ್ಯಾರಿಯರ್ ಒಂದೇ ಹಾಳೆಯಾಗಿ ಸುಲಿಯದೆ ಚೂರು ಚೂರಾಗುತ್ತದೆ.

ಚೌಕದ ಹೊರಮೂಲೆಗಳನ್ನೂ ನೋಡಿ. ಬ್ಲೇಡಿನ ತುದಿ ಅದರ ಅಕ್ಷದಿಂದ ಸ್ವಲ್ಪ ಹಿಂದಿರುತ್ತದೆ, ಪ್ಲಾಟರ್‌ಗಳ 45 ಡಿಗ್ರಿ ಬ್ಲೇಡಿನಲ್ಲಿ ಸಾಮಾನ್ಯವಾಗಿ 0.25 ಮಿ.ಮೀ. ಈ ಅಂತರವೇ ಆಫ್‌ಸೆಟ್. ಯಂತ್ರಕ್ಕೆ ಕೊಟ್ಟ ಆಫ್‌ಸೆಟ್ ಇದಕ್ಕಿಂತ ಕಡಿಮೆಯಿದ್ದರೆ ಮೂಲೆ ದುಂಡಗಾಗುತ್ತದೆ, ಹೆಚ್ಚಿದ್ದರೆ ಮೂಲೆಗೆ ಕೋಡು ಮೂಡುತ್ತದೆ. ಗೆರೆ ಶುರುವಾದ ಜಾಗಕ್ಕೆ ಬಂದು ಸೇರದಿದ್ದರೆ ಮ್ಯಾಟ್ ಜಾರಿರಬಹುದು, ಹೋಲ್ಡರಿನಲ್ಲಿ ಬ್ಲೇಡ್ ಅಲುಗಾಡುತ್ತಿರಬಹುದು. ಇವೆರಡೂ ಸರಿಯಿದ್ದು ಮೂಲೆಯ ತುದಿಯಷ್ಟೇ ಕಚ್ಚಿಕೊಂಡರೆ ಓವರ್‌ಕಟ್ ಆಯ್ಕೆ ಹಾಕಿ; ಗೆರೆ ಮೂಲೆಯಿಂದ ತುಸು ಮುಂದೆ ಹೋಗಿ ನಿಲ್ಲುತ್ತದೆ.

ಕನ್ನಡ ಅಕ್ಷರಕ್ಕೆ ಚೌಕ ಸಾಲದು

ಚೌಕ ಪಾಸಾದ ಸೆಟ್ಟಿಂಗ್ ಕನ್ನಡ ಅಕ್ಷರದಲ್ಲಿ ಸೋಲುವುದುಂಟು. ನಮ್ಮ ಲಿಪಿ ಪೂರ್ತಿ ತಿರುವು. ಬ್ಲೇಡ್ ಎಡೆಬಿಡದೆ ತಿರುಗುತ್ತಲೇ ಇರಬೇಕು. ಠ, ಥಗಳ ನಡುವಿನ ಚುಕ್ಕೆ ಸುತ್ತಲೂ ಆಸರೆಯಿಲ್ಲದ ದ್ವೀಪ. ಧ ಅಕ್ಷರದ ಅಡಿಯ ಸೀಳುಗೆರೆ ಬೇಡದ ವಿನೈಲ್ ಜೊತೆ ಕಿತ್ತು ಹೋದರೆ ಶರ್ಟಿನ ಮೇಲೆ ‘ಧನ’ ಹೋಗಿ ‘ದನ’ ಉಳಿಯುತ್ತದೆ. ಆದ್ದರಿಂದ ಏಣಿಯಲ್ಲಿ ಸಂಖ್ಯೆ ಸಿಕ್ಕ ಮೇಲೆ ನಿಮ್ಮ ವಿನ್ಯಾಸದ ಅತಿ ಸಣ್ಣ ಪದವನ್ನು, ಬೇಕಾದ ಅಳತೆಯಲ್ಲೇ, ಒಮ್ಮೆ ಕತ್ತರಿಸಿ. ಥ, ಧ ಮತ್ತು ಒಂದು ಒತ್ತಕ್ಷರ ಇರುವ ಪದವಾದರೆ ಒಳ್ಳೆಯದು.

ಈ ಹಂತದಲ್ಲಿ ಕೆಟ್ಟರೆ ಒತ್ತಡ ಮುಟ್ಟಬೇಡಿ, ಸ್ಪೀಡ್ ಅರ್ಧಕ್ಕೆ ಇಳಿಸಿ. ವೇಗ ಹೆಚ್ಚಿದ್ದಾಗ ಸಣ್ಣ ತಿರುವಿನಲ್ಲಿ ಬ್ಲೇಡ್ ತಿರುಗಿ ನೆಟ್ಟಗಾಗುವಷ್ಟರಲ್ಲಿ ತಲೆ ಮುಂದೆ ಸಾಗಿರುತ್ತದೆ, ಚುಕ್ಕೆಯನ್ನು ಎಳೆದುಕೊಂಡೇ ಹೋಗುತ್ತದೆ. ಸ್ಪೀಡ್ ಇಳಿಸಿದರೂ ಚುಕ್ಕೆ ನಿಲ್ಲದಿದ್ದರೆ ಅಕ್ಷರವನ್ನೇ ದೊಡ್ಡದು ಮಾಡಿ ಅಥವಾ ದಪ್ಪ ಫಾಂಟ್ ಆರಿಸಿ, 1 ಮಿ.ಮೀ.ಗಿಂತ ಕಿರಿದಾದ ಚುಕ್ಕೆ ಕ್ಯಾರಿಯರ್ ಮೇಲೆ ನಿಲ್ಲುವುದು ಕಷ್ಟ. ಒತ್ತಕ್ಷರ ಮೂಲಾಕ್ಷರದ ಮೇಲೆ ಹಾದಲ್ಲಿ ಅಡ್ಡ ಗೆರೆ ಕತ್ತರಿಸಿದ್ದರೆ ಅದು ಸೆಟ್ಟಿಂಗಿನ ದೋಷವಲ್ಲ. ಎರಡನ್ನೂ ವೆಲ್ಡ್ ಮಾಡಿಲ್ಲ, ಅಂದರೆ ಸಾಫ್ಟ್‌ವೇರಿನಲ್ಲಿ ಒಂದೇ ಆಕಾರವಾಗಿ ಬೆಸೆದಿಲ್ಲ ಎಂದರ್ಥ.

ಗ್ಲಿಟರ್, ಫ್ಲಾಕ್

ಗ್ಲಿಟರ್ ವಿನೈಲ್ ಸುಮಾರು 0.25ರಿಂದ 0.3 ಮಿ.ಮೀ. ದಪ್ಪ, ಒಳಗೆ ಗಟ್ಟಿ ಕಣಗಳು. ಮಖಮಲ್ಲಿನಂಥ ಫ್ಲಾಕ್ ಇನ್ನೂ ದಪ್ಪ. ನುಣುಪು ವಿನೈಲಿನ ಸಂಖ್ಯೆ ಇಲ್ಲಿ ಕೆಲಸಕ್ಕೆ ಬಾರದು. ಆಳವನ್ನು ಒಂದೆರಡು ಅಂಕೆ ಏರಿಸಿ ಏಣಿಯನ್ನು ಮೊದಲಿನಿಂದ ಹತ್ತಬೇಕು. ಸಿಗುವುದಾದರೆ 60 ಡಿಗ್ರಿ ಬ್ಲೇಡ್ ಹಾಕಿ. ಕಡಿದಾದ ತುದಿ ದಪ್ಪ ಪದರದಲ್ಲಿ ಹೆಚ್ಚು ಎಳೆದಾಡದೆ ಇಳಿಯುತ್ತದೆ. ಎರಡು ಪಾಸ್ ಕೊಡುವುದೂ ಒಂದು ದಾರಿ, ಆದರೆ ಮ್ಯಾಟ್ ಚೂರು ಜಾರಿದರೂ ಎರಡನೇ ಗೆರೆ ಮೊದಲನೆಯದರ ಪಕ್ಕಕ್ಕೆ ಬೀಳುತ್ತದೆ. ಅಂಟು ಕಡಿಮೆಯಾದ ಮ್ಯಾಟ್‌ನಲ್ಲಿ ಎರಡು ಪಾಸ್ ಬೇಡವೇ ಬೇಡ. ಗ್ಲಿಟರ್ ಕತ್ತರಿಸುವ ಬ್ಲೇಡನ್ನು ಪ್ರತ್ಯೇಕವಾಗಿಡಿ. ಆ ಕಣಗಳು ತುದಿಯನ್ನು ಬೇಗ ಸವೆಸುತ್ತವೆ.

ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು

ಸಂಖ್ಯೆ ಸಿಕ್ಕ ಮೇಲೆ ಅದೇ ಚೌಕವನ್ನು ಮ್ಯಾಟ್‌ನ ಎಡ ಅಂಚು, ನಡು, ಬಲ ಅಂಚಿನಲ್ಲಿ ಒಂದೊಂದು ಕತ್ತರಿಸಿ. ಮೂರೂ ಒಂದೇ ರೀತಿ ಬರಬೇಕು. ಒಂದೇ ಜಾಗದಲ್ಲಿ ಪದೇ ಪದೇ ಕಟ್ ಬಿಟ್ಟುಹೋದರೆ ಅಲ್ಲಿ ಮ್ಯಾಟ್ ಹಳ್ಳ ಬಿದ್ದಿದೆ. ಮ್ಯಾಟ್ ಇಲ್ಲದೆ ರೋಲಿನಿಂದಲೇ ಕತ್ತರಿಸುವವರು ಬ್ಲೇಡಿನ ಕೆಳಗೆ ಯಂತ್ರದ ಉದ್ದಕ್ಕೂ ಇರುವ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿ. ಹಿಂದೆಂದೋ ಆಳ ಹೆಚ್ಚಾಗಿ ಅದರಲ್ಲಿ ಗೀರು ಬಿದ್ದಿದ್ದರೆ ಬ್ಲೇಡ್ ಅಲ್ಲಿ ವಿನೈಲನ್ನು ಕತ್ತರಿಸದೆ ಹಳ್ಳಕ್ಕೆ ಒತ್ತುತ್ತದೆ. ಒತ್ತಡ ಏರಿಸಿ ಇದನ್ನು ಸರಿಪಡಿಸಲಾಗದು, ಪಟ್ಟಿಯನ್ನೇ ಬದಲಿಸಬೇಕು.

ಸ್ವಚ್ಛವಾಗಿ ಬಂದ ಚೌಕವನ್ನು ಎಸೆಯಬೇಡಿ. ಪುಸ್ತಕಕ್ಕೆ ಟೇಪ್ ಮಾಡಿ ಪಕ್ಕದಲ್ಲಿ ವಿನೈಲಿನ ಹೆಸರು, ಬಣ್ಣ, ಬ್ಲೇಡ್, ಆಳ, ಫೋರ್ಸ್, ಸ್ಪೀಡ್, ಪಾಸ್, ತಾರೀಖು ಬರೆಯಿರಿ. ಬಣ್ಣ ಬರೆಯಲೇಬೇಕು, ಒಂದೇ ಕಂಪನಿಯ ಬಿಳಿ ಮತ್ತು ಕಪ್ಪು ಬೇರೆ ಬೇರೆ ಸಂಖ್ಯೆ ಕೇಳುವುದುಂಟು. ಹೊಸ ರೋಲ್ ತೆರೆದಾಗ, ಮ್ಯಾಟ್ ಬದಲಿಸಿದಾಗ ಒಂದು ಚೌಕ ಕತ್ತರಿಸಿ ನೋಡಿದರೆ ಸಾಕು. ಬ್ಲೇಡ್ ಬದಲಿಸಿದ ದಿನ ಮಾತ್ರ ಹಳೆಯ ಸಂಖ್ಯೆಯಿಂದ ಶುರು ಮಾಡಬೇಡಿ: ಸವೆದ ಬ್ಲೇಡಿಗೆ ಏರಿಸುತ್ತ ಬಂದ ಒತ್ತಡ ಹೊಸ ಬ್ಲೇಡಿಗೆ ಸಿಕ್ಕರೆ ಮೊದಲ ಗೆರೆಯಲ್ಲೇ ಕ್ಯಾರಿಯರ್ ಸೀಳುತ್ತದೆ. ಎರಡು ಮೂರು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿ.