ಇ-ಪುಸ್ತಕಕ್ಕೆ ದುಡ್ಡು ಕಟ್ಟುವ ಮುಂಚೆ ನಾನು ನೋಡುವುದು

ಇ-ಪುಸ್ತಕ ಮಾರುವವರಿಗೆ ಅದನ್ನು ಮಾರುವ ಹಕ್ಕು ಇದೆಯಾ ಅಂತ ನೋಡಬೇಕಾದ್ದು ಕೊಳ್ಳುವವರ ಕೆಲಸವಾ? ಮೊದಲ ಹೊಣೆ ಮಾರುವವರದ್ದು, ಆಮೇಲೆ ಅವರಿಗೆ ಜಾಗ ಕೊಟ್ಟ ಅಂಗಡಿಯದ್ದು. ಒಪ್ಪಂದದ ಕಾಗದ ಇರುವುದು ಅವರ ಹತ್ತಿರ. ಆದರೆ ಕಣ್ಣಿಗೆ ರಾಚುವಂತಿರುವುದನ್ನೂ ನೋಡದೆ ಸುಮ್ನೆ ದುಡ್ಡು ಕಟ್ಟಲು ನನಗೆ ಮನಸ್ಸು ಬರುವುದಿಲ್ಲ. ಕದ್ದ ಪ್ರತಿ ಕೊಂಡರೆ ಬರೆದವರಿಗೆ ಬಿಡಿಗಾಸೂ ಸೇರುವುದಿಲ್ಲ, ಅಲ್ವಾ?

ಹಾಗಾಗಿ ಮೊದಲು ಸ್ಯಾಂಪಲ್, ಅಂದರೆ ಕೊಳ್ಳುವ ಮುಂಚೆ ಓದಲು ಅಂಗಡಿ ಕೊಡುವ ಮೊದಲ ಕೆಲವು ಪುಟಗಳನ್ನು ತೆರೆಯುತ್ತೇನೆ. ಹಕ್ಕುಗಳ ಪುಟ ಇದೆಯಾ, ಅದರಲ್ಲಿರುವ ಪ್ರಕಾಶಕರ ಹೆಸರೂ ಅಂಗಡಿಯಲ್ಲಿ ಹಾಕಿರುವ ಹೆಸರೂ ಒಂದೇನಾ ಅಂತ ನೋಡುತ್ತೇನೆ. ಒಮ್ಮೆ ಒಂದು ಕಾದಂಬರಿಯ ಸ್ಯಾಂಪಲ್‌ನಲ್ಲಿ ಪ್ಯಾರಾದ ನಡುವೆಯೇ ಪುಟಸಂಖ್ಯೆ ಬಂದು ಕೂತಿತ್ತು, ‘ಪ’ ಇರಬೇಕಾದ ಕಡೆಯೆಲ್ಲ ‘ಷ’ ಇತ್ತು, ಹಕ್ಕುಗಳ ಪುಟವೇ ಇರಲಿಲ್ಲ. ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್ ಓದಿಕೊಟ್ಟದ್ದನ್ನು ತಿದ್ದದೆ ಹಾಗೇ ಇಟ್ಟಿದ್ದರು. ಹಳೆಯ ಪುಸ್ತಕಗಳನ್ನು ಪ್ರಕಾಶಕರೂ ಸ್ಕ್ಯಾನ್ ಮಾಡಿಯೇ ತರುವುದುಂಟು, ಅಷ್ಟಕ್ಕೇ ಕಳ್ಳಮಾಲು ಅನ್ನಲಾಗದು. ಅದಕ್ಕೇ ಪ್ರಕಾಶಕರಿಗೆ ಮೇಲ್ ಬರೆದೆ. ನಾವು ಯಾರಿಗೂ ಕೊಟ್ಟಿಲ್ಲ ಅಂತ ಉತ್ತರ ಬಂತು. ಹಕ್ಕು ಇರುವವರೇ ದೂರು ಕೊಟ್ಟರೆ ಅಂಗಡಿಗಳು ಬೇಗ ಕೇಳುತ್ತವೆ, ಹಾಗಾಗಿ ಲಿಂಕ್ ಕಳಿಸಿದೆ. ಮುಂದಿನದನ್ನು ಅವರೇ ನೋಡಿಕೊಂಡರು.

ಹಳೆಯ ಪುಸ್ತಕಗಳದ್ದೇ ಜಾಸ್ತಿ ಗೊಂದಲ. ಲೇಖಕರು ತೀರಿಕೊಂಡ ಮೇಲೆ ಭಾರತದಲ್ಲಿ 60 ವರ್ಷ, ಯುರೋಪ್ ಒಕ್ಕೂಟದಲ್ಲಿ 70 ವರ್ಷ ಹಕ್ಕು ಉಳಿಯುತ್ತದೆ. ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ. ಮೂಲ ಹಳೆಯದು ಅಂತ ಅನುವಾದವೂ ಎಲ್ಲರದ್ದಾಗುವುದಿಲ್ಲ.

2009ರಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್ ಅವರ ‘1984’ ಪುಸ್ತಕದ ಕೆಲವು ಪ್ರತಿಗಳನ್ನು ಅಮೆರಿಕದ ಓದುಗರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದಲೇ ಅಳಿಸಿಹಾಕಿತು. ಅಮೆಜಾನ್ ಅಂಗಡಿಯಲ್ಲಿ ಅವನ್ನು ಮಾರಿದ್ದ ಬೇರೊಂದು ಕಂಪನಿಗೆ ಅಮೆರಿಕದಲ್ಲಿ ಹಕ್ಕು ಇರಲಿಲ್ಲ. ದುಡ್ಡು ವಾಪಸ್ ಬಂತು, ಆದರೆ ಒಬ್ಬ ವಿದ್ಯಾರ್ಥಿ ಪಾಠಕ್ಕಾಗಿ ಮಾಡಿಕೊಂಡಿದ್ದ ಟಿಪ್ಪಣಿಗಳು ಪುಸ್ತಕವಿಲ್ಲದೆ ಕೆಲಸಕ್ಕೆ ಬಾರದಾದವು. ದೊಡ್ಡ ಅಂಗಡಿಯಲ್ಲಿ, ಕೇಳಿದ ಬೆಲೆ ಕೊಟ್ಟು ಕೊಂಡ ಆ ಓದುಗರು ಇನ್ನೇನು ನೋಡಬೇಕಿತ್ತು ಹೇಳಿ? ಅವರದ್ದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅದು ಅಂಗಡಿ ಮೊದಲೇ ನೋಡಬೇಕಿದ್ದ ವಿಷಯ.

ಹಾಗಾಗಿ ಈ ನಾಲ್ಕೈದು ನಿಮಿಷದ ಕೆಲಸಕ್ಕಿಂತ ಹೆಚ್ಚು ತನಿಖೆಗೆ ನಾನು ಇಳಿಯುವುದಿಲ್ಲ. ಅನುಮಾನ ಉಳಿದರೆ ಪ್ರಕಾಶಕರ ವೆಬ್‌ಸೈಟಿನಲ್ಲಿರುವ ಲಿಂಕ್ ಹಿಡಿದೇ ಕೊಳ್ಳುತ್ತೇನೆ. ರಸೀದಿಯ ಮೇಲ್ ಮಾತ್ರ ಅಳಿಸುವುದಿಲ್ಲ, ಪುಸ್ತಕ ಮಾಯವಾದರೆ ದುಡ್ಡು ವಾಪಸ್ ಕೇಳಲು ಅದು ಬೇಕಾಗುತ್ತದೆ.