ಕೈಯಿಂದ ಬಟ್ಟೆ ಕಿತ್ತುಕೊಂಡರೆ ಚಟ ಬಿಡುವುದಿಲ್ಲ

ಬೀದಿ ಮಕ್ಕಳ ಸೇವೆ ಶುರು ಮಾಡಿದ ಹೊಸದರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಬ್ಬ ಹುಡುಗ ಅಂಗಿಯ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡು, ಅದನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದ. ತೋಳಿನೊಳಗೆ ಪೇಂಟ್ ತೆಳುವಾಗಿಸುವ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆ ಚೂರು. ಬಾಯಿ ಸುತ್ತ ಕೆಂಪು ಹುಣ್ಣು. ನಾನು ಆ ಚೂರನ್ನು ಕಿತ್ತುಕೊಂಡೆ. ಅವನು ಎದ್ದು ಓಡಿದ. ನಾನೂ ಹಿಂದೆಯೇ ಓಡಿದೆ.

ಅದೆಷ್ಟು ಅಪಾಯ ಅಂತ ಆಮೇಲೆ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಅಂಟು, ಥಿನ್ನರ್, ಪೆಟ್ರೋಲ್ ಆವಿ ಹೀರಿದಾಗ ಹೃದಯವು, ಭಯವಾದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್‌ಗೆ ತುಂಬಾ ಸೂಕ್ಷ್ಮವಾಗಿಬಿಡುತ್ತದೆ. ಆ ಹೊತ್ತಿನಲ್ಲಿ ಹೆದರಿಸಿದರೆ, ಓಡಿಸಿದರೆ ಬಡಿತ ತಪ್ಪಿ ಮಗು ಅಲ್ಲೇ ಸಾಯಬಹುದು. ಮೊದಲ ಸಲ ಹೀರಿದ ಮಗುವಿಗೂ ಹೀಗಾಗಬಹುದು. ಆ ರಾತ್ರಿ ನಾನು ಮೊಣಕಾಲೂರಿ ತುಂಬಾ ಹೊತ್ತು ಅತ್ತೆ. ಅವತ್ತಿಂದ ನಮ್ಮಲ್ಲಿ ಯಾರೂ ಮಕ್ಕಳನ್ನು ಅಟ್ಟಿಸಿಕೊಂಡು ಹೋಗಿಲ್ಲ. ಸ್ವಲ್ಪ ದೂರದಲ್ಲಿ ಸುಮ್ನೆ ಕೂತುಕೊಳ್ಳುತ್ತೇವೆ. ಗಾಳಿ ಬರುವ ಕಡೆ ಬಾ ಅಂತ ಮೆಲ್ಲಗೆ ಕರೆಯುತ್ತೇವೆ. ನಶೆ ಇಳಿಯುವವರೆಗೆ ಉಪದೇಶದ ಮಾತೇ ಇಲ್ಲ.

ಕೆಲವು ವಾರ ಕಳೆದ ಮೇಲೆ ಅದೇ ಹುಡುಗನನ್ನು ಕೇಳಿದೆ, ಇದನ್ನು ಯಾಕೆ ಹೀರ್ತೀಯಪ್ಪಾ ಅಂತ. "ಹಸಿವು ಗೊತ್ತಾಗಲ್ಲ ಬ್ರದರ್. ಚಳೀನೂ ಅಷ್ಟೆ. ರಾತ್ರಿ ಯಾರು ಬಂದ್ರೂ ಭಯ ಆಗಲ್ಲ" ಅಂದ. ಮೂರನೇ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ. ಊಟ, ಹೊದಿಕೆ, ಭಯವಿಲ್ಲದ ಒಂದು ರಾತ್ರಿ. ಇವನ್ನು ಕೊಡದೆ ಬಿಡು ಅಂದರೆ ಅವನು ಹೇಗೆ ಬಿಡುತ್ತಾನೆ, ಅಲ್ವಾ?

ಚಟ ಬಿಡುವಾಗ ಮೊದಲ ಎರಡು ವಾರ ತುಂಬಾ ಕಷ್ಟ. ಹೆರಾಯಿನ್‌ಗಾದರೆ ಮೆಥಡೋನ್‌ನಂಥ ಔಷಧಿ ಇದೆ. ಆವಿ ಹೀರುವ ಚಟಕ್ಕೆ ಹಾಗೆ ಬದಲಿಗೆ ಕೊಡುವ ಮಾತ್ರೆ ಯಾವುದೂ ಇಲ್ಲ. ಥಿನ್ನರ್‌ನಲ್ಲಿರುವ ಟಾಲ್ಯುಯೀನ್ ಎಂಬ ರಾಸಾಯನಿಕ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ, ಮೆದುಳಿನಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಅದು ಬೇಗ ಮೆದುಳಿಗೆ ಇಳಿಯುತ್ತದೆ. ಚಟ ನಿಲ್ಲಿಸಿದಾಗ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಒಡೆಯುತ್ತಾರೆ. ಡಾಕ್ಟರಿಗೆ ತೋರಿಸಲೇಬೇಕು. ಉಳಿದದ್ದು ಪಕ್ಕದಲ್ಲಿ ಎದ್ದು ಕೂರುವ ಕೆಲಸ. ನಮ್ಮ ಸೇವೆಯ ಮುಕ್ಕಾಲು ಪಾಲು ಅದೇ. ಆ ಹುಡುಗ ನಿದ್ದೆಯಲ್ಲೂ ತೋಳನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದ. ಒಗೆದ ಅಂಗಿ. ಅದರಲ್ಲಿ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಪ್ರಾರ್ಥನೆ ಮಾಡಿದರೇ ಊಟ ಅನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನಾವು ಸಂಜೆ ಪ್ರಾರ್ಥನೆಗೆ ಕೂರುತ್ತೇವೆ, ಬಾಗಿಲು ತೆರೆದಿರುತ್ತದೆ, ಬರುವವರು ಬರುತ್ತಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 33ನೇ ವಿಧಿ ಮಕ್ಕಳನ್ನು ಮಾದಕ ವಸ್ತುಗಳಿಂದ ಕಾಪಾಡಿ ಅನ್ನುತ್ತದೆ. ಅದರದ್ದೇ 14ನೇ ವಿಧಿ ಮಗುವಿನ ಮನಸ್ಸಾಕ್ಷಿಯನ್ನೂ ಧರ್ಮ ಸ್ವಾತಂತ್ರ್ಯವನ್ನೂ ಗೌರವಿಸಿ ಅನ್ನುತ್ತದೆ. 1841ರಲ್ಲಿ ಇಟಲಿಯ ಟ್ಯೂರಿನ್‌ನ ಬೀದಿ ಹುಡುಗರ ನಡುವೆ ಕೆಲಸ ಶುರು ಮಾಡಿದ ಪಾದ್ರಿ ಡಾನ್ ಬಾಸ್ಕೊ ಕೂಡ ಶಿಕ್ಷೆಯನ್ನು ನಂಬಿದವರಲ್ಲ. ತಿಳಿಹೇಳುವುದು, ಧರ್ಮ, ಅಕ್ಕರೆ, ಈ ಮೂರರ ಮೇಲೆ ಅವರ ಪದ್ಧತಿ ನಿಂತಿತ್ತು.

ಹುಡುಗ ಮೂರು ಸಲ ಬಿಟ್ಟು ಹೋದ. ಹೋದಾಗಲೆಲ್ಲ ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯ, ಮನೆ ಬಿಟ್ಟು ಹೋದ ಮಗ ಹಿಂತಿರುಗುವ ಕಥೆ, ನೆನಪಾಗುತ್ತಿತ್ತು. ಮಗ ಇನ್ನೂ ದೂರದಲ್ಲಿದ್ದಾಗಲೇ ತಂದೆಗೆ ಕಂಡ ಅಂತಿದೆ. ಅಂದರೆ ಆ ತಂದೆ ದಾರಿ ನೋಡುತ್ತಲೇ ಇದ್ದ ಅಂತ ನಾನು ಅಂದುಕೊಳ್ಳುತ್ತೇನೆ. ಅವನ ಹೊದಿಕೆಯನ್ನು ನಾವು ಬೇರೆಯವರಿಗೆ ಕೊಡಲಿಲ್ಲ. ನಾಲ್ಕನೇ ಸಲ ಬಂದವನು ಬಾಗಿಲಲ್ಲೇ ನಿಂತು ಅದನ್ನೇ ಕೇಳಿದ.

ಈಗ 5 ತಿಂಗಳಾಯಿತು. ಬೆಳಿಗ್ಗೆ ಓದಿದ ಅಕ್ಷರ ಸಂಜೆಗೆ ಮರೆತುಹೋಗುತ್ತದೆ, ವರ್ಷಗಟ್ಟಲೆ ಹೀರಿದ ಮಕ್ಕಳಲ್ಲಿ ಹೀಗೆ ಆಗುವುದುಂಟು. ಬೈದರೆ ಪುಸ್ತಕ ಮುಚ್ಚಿಬಿಡುತ್ತಾನೆ. ಅದಕ್ಕೇ ಮತ್ತೆ ಅದೇ ಪುಟ ತೆಗೆದು, ಪಕ್ಕದಲ್ಲಿ ಕೂತು ಓದಿಸುತ್ತಿದ್ದೇವೆ.